ಅತ್ತೆಯ ಗಂಟಲು, ನನ್ನ ಕೈ

ನನ್ನ ಅತ್ತೆಯನ್ನು 'ಅವರು' ಎಂದು ಬರೆಯಬೇಕು. ಹಿರಿಯಳು, ತೀರಿಕೊಂಡವಳು, ನನ್ನ ಗಂಡನನ್ನು ಹೆತ್ತವಳು. ಅವಳು ಬದುಕಿದ್ದಷ್ಟು ದಿನವೂ ಎದುರಿಗೆ ತಲೆ ಬಗ್ಗಿಸಿ 'ರಿ' ಹಚ್ಚಿಯೇ ಮಾತಾಡಿದ್ದೇನೆ. ನನ್ನ ಪಾಲಿನ ಮರ್ಯಾದೆಯೆಲ್ಲ ಅಲ್ಲಿಗೇ ಖರ್ಚಾಗಿ ಹೋಗಿದೆ. ಇಲ್ಲಿ ಅವಳು ಅವಳೇ.

ನಾನು ಶಹಾಪುರಕ್ಕೆ ಸೊಸೆಯಾಗಿ ಬಂದದ್ದು ನಿಜಾಮನ ಆಳ್ವಿಕೆ ಮುಗಿದ ಹೊಸದರಲ್ಲಿ. ತವರು ನಾರಾಯಣಪೇಟೆ. ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಆಗ ಎರಡೂ ಊರು ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಮದುವೆ ಮಾಡುವಾಗ ಯಾರಿಗೂ ಅದು ದೂರ ಅನಿಸಿರಲಿಲ್ಲ. ಗಂಡನಿಗೆ ಬಜಾರಿನಲ್ಲಿ ಕಿರಾಣಿ ಅಂಗಡಿ ಇತ್ತು. ಉರ್ದು ಶಾಲೆಯಲ್ಲಿ ಓದಿದವನು, ಅಕ್ಷರ ಮುತ್ತಿನಂತಿತ್ತು, ಧೈರ್ಯ ಮಾತ್ರ ಇರಲಿಲ್ಲ. ಮಾವ ಮೊದಲೇ ತೀರಿಕೊಂಡಿದ್ದ. ಮನೆಯ ಕೀಲಿಕೈ ಗೊಂಚಲು ಅತ್ತೆಯ ಸೊಂಟದಲ್ಲಿತ್ತು, ಮಗನೂ ಅದೇ ಗೊಂಚಲಿನಲ್ಲಿದ್ದ.

ಅತ್ತೆಗೆ ಎದೆಯುರಿ ಮೊದಲಿನಿಂದಲೂ ಇತ್ತು. ಅದು ನಾನು ಬರುವುದಕ್ಕೆ ಬಹಳ ಮೊದಲಿನದು ಎಂಬುದನ್ನು ಯಾರೂ ಮರೆಯದಿರಲಿ. ಪುಂಡಿ ಪಲ್ಯ ಎಂದರೆ ಪ್ರಾಣ, ಅದೂ ಹುಳಿ ಹಲ್ಲು ಜುಮ್ಮೆನ್ನುವಷ್ಟು ಇರಬೇಕು. ಜೊತೆಗೆ ಕೆಂಪು ಖಾರದ ಹಿಂಡಿ. ಉಂಡು ಕೈತೊಳೆದವಳೇ ಪಡಸಾಲೆಯ ಹೊರಸಿನ ಮೇಲೆ ಉದ್ದಕ್ಕೆ ಬಿದ್ದುಕೊಳ್ಳುವಳು, ಬಾಯಲ್ಲಿ ತಂಬಾಕು. ಸ್ವಲ್ಪ ಹೊತ್ತಿಗೆ ಹುಳಿ ನೀರು ಬಾಯಿಗೇ ಬರುತ್ತಿತ್ತು. ಎದ್ದು ಕೂತು, ಎದೆ ತಿಕ್ಕಿಕೊಂಡು, ತಿನ್ನುವ ಸೋಡಾವನ್ನು ಚಿಟಿಕೆ ನಾಲಿಗೆಗೆ ಹಾಕಿ ದೊಡ್ಡದಾಗಿ ತೇಗಿ, ಮತ್ತೆ ಬಿದ್ದುಕೊಳ್ಳುವಳು. ನಮ್ಮ ಓಣಿಯಲ್ಲಿ ಎದೆಯುರಿಯನ್ನು ರೋಗವೆಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಉಂಡವರಿಗೆ ಉರಿಯುತ್ತದೆ, ಉಣ್ಣದವರಿಗೆ ಇಲ್ಲ, ಅಷ್ಟೇ.

ಮೊದಲ ವರ್ಷ ನನಗೆ ತೆಳ್ಳಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಒಂದು ದಿನ ಹಂಚಿಗೆ ಹಾಕುವಾಗ ರೊಟ್ಟಿ ಹರಿಯಿತು. ಅತ್ತೆ ಒಲೆಯ ಹತ್ತಿರ ಬಂದಳು. ನನ್ನ ಬಲಗೈ ಮಣಿಕಟ್ಟು ಹಿಡಿದು ಕಾದ ಹಂಚಿನ ಅಂಚಿಗೆ ಒತ್ತಿದಳು, ಹಿಟ್ಟು ಒತ್ತುವಷ್ಟು ಸಮಾಧಾನದಿಂದ. ಗಾಯ ಒಣಗಿತು, ಮತ್ತೆ ಬಿರಿಯಿತು, ಮತ್ತೆ ಒಣಗಿತು. ಕೊನೆಗೆ ಅಲ್ಲಿ ಚರ್ಮ ಗಂಟುಗಟ್ಟಿ ಬಿಗಿದುಕೊಂಡಿತು. ಈಗಲೂ ಆ ಕೈ ಪೂರ್ತಿ ಹಿಂದಕ್ಕೆ ಬಾಗುವುದಿಲ್ಲ. ಆಮೇಲೆ ನನ್ನ ರೊಟ್ಟಿ ಎಂದೂ ಹರಿಯಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಆಕೆ ಅದನ್ನೇ ಊರ ತುಂಬ ಹೇಳಿಕೊಂಡು ತಿರುಗಿದಳು.

ನನ್ನ ಮಗಳು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಅತ್ತೆ ಒಲೆಯನ್ನು ನನಗೆ ಬಿಟ್ಟುಕೊಟ್ಟಳು. ಹೊಗೆ ಆಗುವುದಿಲ್ಲ ಎಂದಳು. ಅದೇ ಸುಮಾರಿಗೆ ಅವಳ ಎದೆಯುರಿ ತಾನಾಗಿ ಕಡಿಮೆಯಾಯಿತು. ಮನೆಮಂದಿಯೆಲ್ಲ ಹಿಗ್ಗಿದೆವು. ಸೋಡಾ ಡಬ್ಬಿ ಗೋಡೆಯ ಮಾಡದಲ್ಲಿ ಧೂಳು ತಿನ್ನತೊಡಗಿತು. ನಾನಂತೂ ನನ್ನ ಕೈಗುಣ ಎಂದೇ ಒಳಗೊಳಗೆ ಬೀಗಿದೆ. ಉರಿ ಹೋದದ್ದು ವಾಸಿಯಾಗಿ ಅಲ್ಲ, ದಾರಿಯೇ ಮುಚ್ಚುತ್ತ ಬಂದು ಹುಳಿಗೆ ಮೇಲೆ ಬರಲು ಜಾಗವಿಲ್ಲದೆ ಎಂದು ಯಾರಿಗೆ ಗೊತ್ತಿತ್ತು?

ಸ್ವಲ್ಪ ದಿನಕ್ಕೆ ಅವಳು ಉಣ್ಣುವಾಗ ನಡುವೆ ತಡೆದು ಎದೆಗೆ ಗುದ್ದಿಕೊಳ್ಳತೊಡಗಿದಳು. ರೊಟ್ಟಿ ಇಲ್ಲಿ ನಿಲ್ಲುತ್ತದೆ ಎಂದು ಎದೆಯ ನಡುವೆ ಬೆರಳಿಟ್ಟು ತೋರಿಸಿದಳು. ಮೇಲೆ ನೀರು ಕುಡಿದರೆ ನೀರೂ ನಿಂತು, ಎಲ್ಲ ಕೂಡಿ ಹಿಂದಕ್ಕೆ ಬರುತ್ತಿತ್ತು. ಬಿಸಿ ರೊಟ್ಟಿ ಬಿಟ್ಟು ಸಾರಿನಲ್ಲಿ ನೆನೆಸಿದ ರೊಟ್ಟಿಗೆ ಬಂದಳು, ಅದರಿಂದ ನುಚ್ಚಿಗೆ, ನುಚ್ಚಿನಿಂದ ಅಂಬಲಿಗೆ. ಕುಬಸದ ತೋಳು ಜೋತುಬಿತ್ತು. ಅವಳು ಮೂಳೆ ಮೂಳೆಯಾಗುತ್ತಿದ್ದಳು, ನಾನು ಬಾಣಂತನದ ಮೈ ಇಳಿಯದೆ ಕೆಂಪಗೆ ಗುಂಡಗೆ ಓಡಾಡುತ್ತಿದ್ದೆ. ನೋಡುವವರಿಗೆ ಇನ್ನೇನು ಬೇಕು?

ಕೆಂಭಾವಿಯಿಂದ ಅತ್ತೆಯ ಅಕ್ಕ ನೋಡಲು ಬಂದಳು. ನನಗೆ ದೊಡ್ಡತ್ತೆ. ಗಂಡ ಸತ್ತ ಮೇಲೆ ಯಾರ ಮನೆಯಲ್ಲಿ ಕಾಯಿಲೆಯೋ ಅಲ್ಲಿ ಉಳಿಯುವುದೇ ಅವಳ ಕೆಲಸವಾಗಿತ್ತು. ತಂಗಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಅಡುಗೆಮನೆಯ ಕಡೆ ನೋಡಿದಳು.

"ಯಾವಾಗಿಂದ ಇಕಿ ಒಲಿ ಹಿಡದಾಳ?" ಎಂದು ಕೇಳಿದಳು. ಅತ್ತೆ ಹೇಳಿದಳು. "ಯಾವಾಗಿಂದ ನಿಂಗ ತುತ್ತು ಇಳಿಯವಲ್ದು?" ಅತ್ತೆ ಅದನ್ನೂ ಹೇಳಿದಳು. ದೊಡ್ಡತ್ತೆ ಇನ್ನೇನೂ ಕೇಳಲಿಲ್ಲ. "ಮದ್ದು ಹಾಕ್ಯಾರ" ಎಂದಳು.

ಮದ್ದು ಎಂದರೆ ಔಷಧಿಯಲ್ಲ. ಆಗದವರು ಊಟದಲ್ಲಿ ಕಲಸಿ ಕೊಡುವ ಕೆಟ್ಟ ಪದಾರ್ಥ. ಅದು ಹೊಟ್ಟೆಯ ಮೇಲ್ಗಡೆ ಅಂಟಿಕೊಂಡು, ತಿಂದದ್ದನ್ನು ಕೆಳಗೆ ಬಿಡದೆ, ಮನುಷ್ಯನನ್ನು ಒಣಗಿಸಿ ಕೊಲ್ಲುತ್ತದೆ ಎಂದು ನಂಬಿಕೆ. ಹಾಕುವವರು ಹೆಂಗಸರೇ ಆಗಿರಬೇಕು, ಒಲೆ ಅವರ ಕೈಯಲ್ಲಿರಬೇಕು. ಹೊರಗಿನಿಂದ ಬಂದವರಾದರೆ ಇನ್ನೂ ಅನುಕೂಲ. ಆ ಅಳತೆಗೆ ಹೊಲಿಸಿದ ಕುಬಸದ ಹಾಗೆ ನಾನು ಸರಿಹೊಂದಿದೆ.

ಕೆಂಭಾವಿಯ ಹತ್ತಿರದ ಹಳ್ಳಿಯಲ್ಲಿ ಮದ್ದು ತೆಗೆಯುವವನೊಬ್ಬನಿದ್ದ. ಗಾಡಿ ಕಟ್ಟಿಕೊಂಡು ಹೋದೆವು. ಹಾಕಿದವಳ ಎದುರಿಗೇ ತೆಗೆದರೆ ಪೂರ್ತಿ ಬರುತ್ತದೆ ಎಂದು ದೊಡ್ಡತ್ತೆ ನನ್ನನ್ನೂ ಹೊರಡಿಸಿದಳು. ಆತ ಯಾವುದೋ ಸೊಪ್ಪಿನ ರಸವನ್ನು ಖಾಲಿ ಹೊಟ್ಟೆಗೆ ಕುಡಿಸಿದ. ಅತ್ತೆ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡಳು. ಗಡಿಗೆ ಹಿಡಿದವಳು ನಾನು. ಆತ ಕಡ್ಡಿಯಿಂದ ಕಲಕಿ, ಲೋಳೆ ಸುತ್ತಿಕೊಂಡ ಕರಿಹಸಿರು ಉಂಡೆಯೊಂದನ್ನು ಎತ್ತಿ ಎಲ್ಲರಿಗೂ ತೋರಿಸಿದ.

ನಾನು ಅದನ್ನು ನೋಡಿದ ಕೂಡಲೇ ಗುರುತಿಸಿದೆ. ಅದು ಹಿಂದಿನ ದಿನ ಅವಳು ಆಸೆ ತಡೆಯದೆ ಎರಡು ತುತ್ತು ತಿಂದಿದ್ದ ನೆನೆಸಿದ ರೊಟ್ಟಿ ಮತ್ತು ಪುಂಡಿ ಸೊಪ್ಪು. ನಾನೇ ಮಾಡಿದ ಅಡುಗೆ ನನಗೆ ತಿಳಿಯದೇ? ಕೆಳಗೆ ಇಳಿಯಲಾರದೆ ಎದೆಯಲ್ಲಿ ಕೂತಿದ್ದ ತುತ್ತು ಹೊರಗೆ ಬಂದಿತ್ತು, ಅಷ್ಟೇ. ಹಾಗೆಂದು ಬಾಯಿಬಿಟ್ಟು ಹೇಳಿದೆ. ದೊಡ್ಡತ್ತೆ ನಕ್ಕಳು. ಏನು ಬೆರೆಸಿದ್ದೆ ಎಂದು ಕಳ್ಳಿಯೇ ಹೇಳುತ್ತಿದ್ದಾಳೆ, ಕೇಳಿಸಿಕೊಳ್ಳಿರಿ ಎಂದಳು.

ಅದಕ್ಕಿಂತ ದೊಡ್ಡ ಅನ್ಯಾಯ ಮರುದಿನ ಆಯಿತು. ಅತ್ತೆ ಅಂಬಲಿಯನ್ನು ಸರಾಗವಾಗಿ ಕುಡಿದಳು, ನುಚ್ಚನ್ನೂ ಇಳಿಸಿದಳು. ಅಡ್ಡ ಕೂತಿದ್ದದ್ದು ಹೋಗಿದೆ, ಇಳಿಯದೆ ಏನು ಮಾಡುತ್ತದೆ? ಓಣಿಯ ಹೆಂಗಸರಿಗೆ ಇನ್ನು ಬೇರೆ ಸಾಕ್ಷಿ ಬೇಕಾಗಲಿಲ್ಲ. ವಾರ ಕಳೆಯುವುದರಲ್ಲಿ ಗಂಟಲು ಮತ್ತೆ ಕಟ್ಟಿತು. ಮತ್ತೆ ಗಾಡಿ, ಮತ್ತೆ ರಸ, ಮತ್ತೆ ಗಡಿಗೆ. ಪ್ರತಿ ಅಮಾವಾಸ್ಯೆಗೂ ಇದೇ ನಡೆಯಿತು. ಪ್ರತಿ ಸಲ ಹೋಗಿಬಂದ ಮೇಲೆ ದಾರಿ ಇನ್ನಷ್ಟು ಕಿರಿದಾಗುತ್ತಿತ್ತು, ಪ್ರತಿ ಸಲವೂ ಅದಕ್ಕೆ ಕಾರಣ ನಾನೇ ಆಗಿದ್ದೆ.

ಒಲೆ ದೊಡ್ಡತ್ತೆಯ ಕೈಗೆ ಹೋಯಿತು. ನನಗೆ ಮುಸುರೆ, ಸಗಣಿ, ನೀರು. ನನ್ನ ಕೈಯಿಂದ ನೆರೆಮನೆಯವರು ಎಲೆ ಅಡಿಕೆಯನ್ನೂ ತೆಗೆದುಕೊಳ್ಳಲಿಲ್ಲ. ಅತ್ತೆ ಒಂದು ಕಟ್ಟಳೆ ಮಾಡಿದಳು: ಯಾರು ಅಡುಗೆ ಮಾಡಿದರೂ ಸರಿ, ಆಕೆಯ ತಾಟಿನಿಂದ ಮೊದಲ ತುತ್ತನ್ನು ಎಲ್ಲರೆದುರು ನಾನು ತಿನ್ನಬೇಕು. ನಾನು ನುಂಗಿ, ಬಾಯಿ ತೆರೆದು ತೋರಿಸಿದ ಮೇಲೆ ಆಕೆ ಉಣ್ಣುವಳು. ಅಡುಗೆಮನೆಯೊಳಗೆ ಮಾತ್ರ ನಾನು ಕಾಲಿಡಬಾರದು, ನನ್ನ ನೆರಳಿನಿಂದಲೂ ಮದ್ದು ಬೀಳುತ್ತದಂತೆ.

ಇದೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಮಗಳ ವಿಷಯ. ಕೂಸಿಗೂ ನನ್ನ ಕೈಯಿಂದ ಉಣಿಸಬಾರದು ಎಂದಳು ಅತ್ತೆ. ದೊಡ್ಡತ್ತೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಿನ್ನಿಸುತ್ತಿದ್ದಳು. ನಾನು ಮೊದಲ ತುತ್ತು ತಿನ್ನುವಾಗ ಕೂಸಿನ ಗದ್ದ ಹಿಡಿದು ನನ್ನ ಕಡೆ ತಿರುಗಿಸಿ, ಅವ್ವನ ಗಂಟಲು ನೋಡು, ಇಳೀತೇನು ನೋಡು ಎಂದು ಕಲಿಸುತ್ತಿದ್ದಳು. ಮಾತು ಬರುವ ಮೊದಲೇ ನನ್ನ ಮಗಳಿಗೆ ಆ ಪಾಠ ಬಂತು. ಗಂಟಲ ಗಂಟು ಮೇಲೆ ಕೆಳಗೆ ಆಡಿದ್ದು ಕಂಡ ಮೇಲೆ ಅವಳು ಬಾಯಿ ತೆರೆಯುತ್ತಿದ್ದಳು, ದೊಡ್ಡತ್ತೆಯ ಕೈಯ ಕಡೆಗೆ.

ಒಂದು ದಿನ ಗಂಡ ಊಟಕ್ಕೆ ಕೂತಿದ್ದಾಗ ದೊಡ್ಡತ್ತೆ ತೀರ್ಪು ಹೇಳಿಯೇ ಬಿಟ್ಟಳು. "ನಿಮ್ಮ ಅವ್ವಗ ಏನರ ಆದ್ರ ಇಕಿ ಈ ಮನ್ಯಾಗ ಇರೂದಿಲ್ಲ. ನಾರಾಯಣಪ್ಯಾಟಿಗೆ ಹೋಗ್ಲಿ. ಕೂಸು ಇಲ್ಲೇ ಇರ್ತದ." ನಾನು ಗಂಡನ ಮುಖ ನೋಡಿದೆ. ಆತ ಮಜ್ಜಿಗೆ ಕೇಳಿದ.

ಆವತ್ತಿನಿಂದ ಆ ಮುದುಕಿ ಬದುಕಲಿ ಎಂದು ನನ್ನಷ್ಟು ಹಂಬಲಿಸಿದವರು ಈ ಭೂಮಿಯ ಮೇಲೆ ಇರಲಿಲ್ಲ. ಪ್ರೀತಿಯಿಂದಲ್ಲ. ಅವಳು ಸತ್ತರೆ ನನ್ನ ಮಗಳು ನನ್ನವಳಲ್ಲ. ಡಾಕ್ಟರಿಗೆ ತೋರಿಸೋಣ ಎಂದು ಗಂಡನ ಕಾಲು ಹಿಡಿದೆ, ಜಗಳವಾಡಿದೆ, ಉಪವಾಸ ಕೂತೆ. ಕೊನೆಗೆ ಅತ್ತೆಗೆ ನೀರೂ ಇಳಿಯದ ದಿನ ಆತನೇ ಹೆದರಿದ. ಯಾದಗಿರಿಯ ಡಾಕ್ಟರರು ನೋಡಿ, ಇಲ್ಲಿ ಆಗುವುದಿಲ್ಲ, ಹೈದರಾಬಾದಿಗೆ ಒಯ್ಯಿರಿ ಎಂದರು. ಅಲ್ಲಿಯ ದವಾಖಾನೆಯಲ್ಲಿ ಹೆಂಗಸರ ಕಡೆ ಗಂಡಸರನ್ನು ಬಿಡುವುದಿಲ್ಲ, ನರ್ಸುಗಳು ತೆಲುಗಿನವರು. ಅತ್ತೆಗೆ ತೆಲುಗೂ ಬಾರದು, ಉರ್ದುವೂ ಬಾರದು. ಹೀಗಾಗಿ ಮದ್ದು ಹಾಕಿದವಳನ್ನೇ ಜೊತೆಗೆ ಕರೆದೊಯ್ಯಬೇಕಾಯಿತು. ರೈಲಿನುದ್ದಕ್ಕೂ ಅವಳು ನನ್ನ ಕಡೆ ಬೆನ್ನು ಹಾಕಿ ಮಲಗಿದ್ದಳು.

ಸುಣ್ಣದ ನೀರಿನಂಥ ಬಿಳಿಯ ನೀರನ್ನು ಗುಟುಕು ಗುಟುಕಾಗಿ ಕುಡಿಸಿ ಎದೆಯ ಒಳಗಿನ ಫೋಟೋ ತೆಗೆದರು. ಆಮೇಲೆ ಉದ್ದನೆಯ ನಳಿಗೆ ಇಳಿಸಿ ಒಳಗೆ ನೋಡಿ, ಗಡ್ಡೆಯೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಡಾಕ್ಟರರು ನಡುವಯಸ್ಸಿನವರು, ಸಿಡುಕು ಸ್ವಭಾವ. ಅತ್ತೆಯ ಮಂಚದ ಹತ್ತಿರ ನಿಂತು ನನಗೆ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಹೊಟ್ಟೆಯ ಹುಳಿ ಹೊಟ್ಟೆಯಲ್ಲಿ ಇರಬೇಕಾದದ್ದು. ವರ್ಷಗಟ್ಟಲೆ ಅದು ಮೇಲೆ ಬಂದು ಅನ್ನದ ನಾಳವನ್ನು ಸುಟ್ಟಿದೆ. ಸುಟ್ಟದ್ದು ಒಣಗಿದೆ, ಮತ್ತೆ ಸುಟ್ಟಿದೆ, ಮತ್ತೆ ಒಣಗಿದೆ. ಒಣಗಿದಾಗಲೆಲ್ಲ ಆ ಜಾಗ ಗಂಟುಗಟ್ಟಿ ಬಿಗಿದು, ನಾಳದ ಕೆಳತುದಿ ಈಗ ಕಡ್ಡಿ ತೂರುವಷ್ಟು ಉಳಿದಿದೆ. ನನ್ನ ಮುಖ ನೋಡಿ ನನಗೆ ತಿಳಿಯಲಿಲ್ಲವೇನೋ ಎಂದು, ನನ್ನ ಬಲಗೈ ಎತ್ತಿ ಹಿಡಿದರು. ನೋಡು, ಈ ಸುಟ್ಟ ಗಾಯ ಹೇಗೆ ಬಿಗಿದು ಎಳೆದುಕೊಂಡಿದೆಯೋ ಹಾಗೇ ಇವಳ ಒಳಗೆ ಆಗಿದೆ ಎಂದರು. ಇದು ಹೇಗೆ ಸುಟ್ಟಿತು ಎಂದೂ ಕೇಳಿದರು. ಅಡುಗೆ ಮಾಡುವಾಗ ಎಂದೆ.

ಅತ್ತೆ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದಳು. ಡಾಕ್ಟರರ ಬೆರಳು ನನ್ನ ಕಲೆಯ ಮೇಲಿಂದ ಅವಳ ಎದೆಯ ಕಡೆಗೆ ಹೋದದ್ದನ್ನೂ ನೋಡಿದಳು. ಅವಳ ಕೈ ತಾನಾಗಿ ಎದೆಯ ನಡುವಿಗೆ ಹೋಯಿತು. ತೆಲುಗು ಬಾರದಿದ್ದರೇನು, ಆ ಮಾತು ಅವಳಿಗೆ ನನಗಿಂತ ಮೊದಲು ಅರ್ಥವಾಯಿತು. ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಅವಳು ನನಗೆ ಹೊರಗೆ ಮಾಡಿದ್ದನ್ನು ಅವಳ ಹೊಟ್ಟೆ ಅವಳಿಗೆ ಒಳಗೆ ಮಾಡಿತ್ತು.

ವಾಂತಿ ಮಾಡಿಸುತ್ತಿದ್ದರು ಎಂದಾಗ ಡಾಕ್ಟರರು ಕೂಗಾಡಿದರು. ಸುಟ್ಟ ಜಾಗಕ್ಕೆ ತಿರುತಿರುಗಿ ಹುಳಿ ಹೊಯ್ದಿದ್ದೀರಿ ಎಂದರು. ಹೊರಗೆ ಕೂತಿದ್ದ ನನ್ನ ಗಂಡನನ್ನು ಕರೆಸಿ, ಇದೆಲ್ಲವನ್ನೂ ಉರ್ದುವಿನಲ್ಲಿ ಮೊದಲಿನಿಂದ ಹೇಳಿದರು. ಯಾರೂ ಏನೂ ಹಾಕಿಲ್ಲ, ಇದು ಬಹಳ ವರ್ಷದ ರೋಗ ಎಂಬ ಮಾತನ್ನು ಆತ ಸ್ವಂತ ಕಿವಿಯಿಂದ ಕೇಳಿದ. ನಾನು ಪಕ್ಕದಲ್ಲೇ ನಿಂತಿದ್ದೆ.

ನಾನು ಅತ್ತೆಗೆ ಒಂದು ಅಕ್ಷರವನ್ನೂ ಬಿಡದೆ ಕನ್ನಡದಲ್ಲಿ ಹೇಳಿದೆ. ಅವಳು ಕೇಳಿಸಿಕೊಂಡು, "ಇದು ನೀ ಹೇಳಾಕತ್ತೀದಿ. ಡಾಕ್ಟರ್ ಹೇಳಿಲ್ಲ" ಎಂದಳು. ಆಮೇಲೆ ಮಗನ ಕಡೆ ತಿರುಗಿ ಕೇಳಿದಳು.

"ಮದ್ದ ಹೌದಲ್ಲೋ?"

ಆತ ನನ್ನನ್ನು ನೋಡಲಿಲ್ಲ. ಕಿಟಕಿಯ ಕಡೆ ನೋಡಿದ.

"ಹೌದವ್ವ" ಎಂದ.

ಅನ್ನದ ನಾಳವನ್ನು ಹಿಗ್ಗಿಸಲು ರಬ್ಬರಿನ ಬತ್ತಿಗಳನ್ನು ಬಾಯಿಯಿಂದ ಇಳಿಸಿದರು. ಮೊದಲು ಸಣ್ಣದು, ಆಮೇಲೆ ಅದಕ್ಕಿಂತ ದಪ್ಪ, ಆಮೇಲೆ ಇನ್ನೂ ದಪ್ಪ. ಗಂಟಲಿಗೆ ಜೋಮು ಹಿಡಿಸುವ ಔಷಧಿ ಹಚ್ಚಿದ್ದರೂ ಅವಳು ಪಶುವಿನ ಹಾಗೆ ನರಳಿದಳು. ನರ್ಸು ಅವಳ ಕೈ ಹಿಡಿದುಕೊಳ್ಳಲು ನನಗೆ ಹೇಳಿದಳು. ಅತ್ತೆಯ ಉಗುರು ನನ್ನ ಹಳೆಯ ಕಲೆಯಲ್ಲೇ ಇಳಿಯಿತು. ಕೈ ಬಿಡಿಸಿಕೊಳ್ಳಬಹುದಾಗಿತ್ತು, ಬಿಡಿಸಿಕೊಳ್ಳಲಿಲ್ಲ. ಇದು ನನ್ನ ದೊಡ್ಡ ಮನಸ್ಸು ಎಂದು ಯಾರೂ ತಿಳಿಯಬಾರದು. ಅವಳು ಬದುಕಿದರೆ ಮಾತ್ರ ನನಗೆ ಕೂಸು ದಕ್ಕುತ್ತಿತ್ತು. ಕೆಲವು ದಿನದ ಮೇಲೆ ಅವಳು ಗಂಜಿ ಕುಡಿದಳು, ಮೆತ್ತನೆಯ ಅನ್ನ ನುಂಗಿದಳು. ಹೊರಡುವಾಗ ಡಾಕ್ಟರರು ಕಟ್ಟುನಿಟ್ಟಾಗಿ ಹೇಳಿದರು: ಹುಳಿ ಖಾರ ತಂಬಾಕು ಬಿಡಬೇಕು, ಉಂಡು ಮಲಗಬಾರದು, ತಲೆಯ ಕಡೆ ಮಂಚ ಎತ್ತರವಿರಬೇಕು, ಹುಳಿ ಅಡಗಿಸುವ ಬಿಳಿ ಔಷಧಿ ತಪ್ಪಿಸಬಾರದು, ವಾಂತಿಯ ಹೆಸರೆತ್ತಬಾರದು, ಕರೆದಾಗಲೆಲ್ಲ ಬಂದು ಮತ್ತೆ ಬತ್ತಿ ಹಾಕಿಸಿಕೊಳ್ಳಬೇಕು. ಇಷ್ಟನ್ನೂ ನಾನೇ ಅನುವಾದಿಸಿದೆ.

ಶಹಾಪುರಕ್ಕೆ ಬಂದ ದಿನವೇ ಅತ್ತೆ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ವರದಿ ಒಪ್ಪಿಸಿದಳು. ಹೈದರಾಬಾದಿನ ದೊಡ್ಡ ಡಾಕ್ಟರು ನಳಿಗೆ ಇಳಿಸಿ ಉಳಿದ ಮದ್ದನ್ನೂ ತೆಗೆದರಂತೆ. ನಮ್ಮ ಕೆಂಭಾವಿಯವನಿಗೆ ಬೇರು ಸಿಕ್ಕಿರಲಿಲ್ಲವಂತೆ. ನನ್ನ ಗಂಡ ಅಂಗಡಿಗೆ ಹೊತ್ತಾಯಿತು ಎಂದು ಎದ್ದುಹೋದ. ಹೀಗೆ ಊರಿನ ಸುಳ್ಳಿಗೆ ಹೈದರಾಬಾದಿನ ಮೊಹರು ಬಿತ್ತು.

ಮುಂದಿನದನ್ನು ನಾನು ಮೂಲೆಯಲ್ಲಿ ಕೂತು ನೋಡಿದೆ. ಅತ್ತೆ ಪುಂಡಿ ಪಲ್ಯ ಮುಟ್ಟಲಿಲ್ಲ. ನಾಲಿಗೆ ರುಚಿ ಕೆಟ್ಟಿದೆ ಎಂದಳು. ಉಂಡ ಮೇಲೆ ಹೊರಸಿಗೆ ಹೋಗದೆ ಕಂಬಕ್ಕೆ ಒರಗಿ ಕೂತಳು. ಸೆಕೆ ಎಂದಳು. ತಂಬಾಕಿನ ಚೀಲವನ್ನು ದೊಡ್ಡತ್ತೆಗೆ ಕೊಟ್ಟಳು. ಹೊರಸಿನ ತಲೆಯ ಕಡೆಯ ಕಾಲಿಗೆ ಫರ್ಸಿ ಕಲ್ಲಿನ ತುಂಡು ಇಡಲು ಆಳಿಗೆ ಹೇಳಿದಳು, ನೆಲ ಓರೆಯಾಗಿದೆಯಂತೆ. ಅಮಾವಾಸ್ಯೆ ಬಂದಾಗ ದೊಡ್ಡತ್ತೆ ಗಾಡಿ ಕಟ್ಟಿಸೋಣ ಎಂದರೆ ಈ ಸಲ ಬೇಡ ಎಂದಳು. ನಾನು ಅನುವಾದಿಸಿದ ಒಂದೊಂದು ಮಾತನ್ನೂ ಅಕ್ಷರಶಃ ಪಾಲಿಸುತ್ತಿದ್ದಳು. ಆದರೆ ಊಟಕ್ಕೆ ಕೂತಾಗ ತಾಟನ್ನು ನನ್ನ ಕಡೆ ಸರಿಸುವುದನ್ನು ಮಾತ್ರ ಬಿಡಲಿಲ್ಲ. ನಾನು ಮೊದಲ ತುತ್ತು ತಿನ್ನಬೇಕು, ಮಗಳು ನನ್ನ ಗಂಟಲು ನೋಡಬೇಕು.

ಅಷ್ಟರಲ್ಲಿ ರಾಜ್ಯಗಳನ್ನು ಭಾಷೆಯ ಪ್ರಕಾರ ಕತ್ತರಿಸಿದರು. ಶಹಾಪುರ ಮೈಸೂರಿಗೆ ಬಂತು, ನನ್ನ ನಾರಾಯಣಪೇಟೆ ಆಂಧ್ರಕ್ಕೆ ಹೋಯಿತು. ಬಜಾರಿನಲ್ಲಿ ಸಕ್ಕರೆ ಹಂಚಿದರು. ಅತ್ತೆ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು, ಈಗಂತೂ ನೀನು ಸರ್ಕಾರದ ಲೆಕ್ಕದಲ್ಲೂ ಹೊರಗಿನವಳು ಎಂದಳು. ಬತ್ತಿ ಹಾಕಿಸಿಕೊಳ್ಳಲು ಮಾತ್ರ ಆಕೆ ಆ ಹೊರಗಿನ ರಾಜ್ಯಕ್ಕೇ ಹೋಗಿಬರುತ್ತಿದ್ದಳು, ನನ್ನನ್ನು ಕಟ್ಟಿಕೊಂಡು.

ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಕಂಬಕ್ಕೆ ಒರಗಿ ಬಿಳಿ ಔಷಧಿ ಕುಡಿಯುತ್ತಿದ್ದಳು. ನಾನು ನೆಲ ಸಾರಿಸುತ್ತಿದ್ದವಳು ಎದ್ದು ನಿಂತೆ.

"ಡಾಕ್ಟರ್ ಹೇಳಿದ್ದು ಖರೇ ಅಂತ ನಿಮಗ ಗೊತ್ತದರಿ ಅತ್ತಿ" ಎಂದೆ.

ಅವಳು ಲೋಟ ಕೆಳಗಿಟ್ಟು ತುಟಿ ಒರೆಸಿಕೊಂಡಳು. ಸಿಟ್ಟು ಮಾಡಲಿಲ್ಲ.

"ಗೊತ್ತದ" ಎಂದಳು. "ನಿನ್ನ ಕೈ ಹಿಡದು ತೋರಿಸಿದಾಗನ ಗೊತ್ತಾತು."

"ಮತ್ತ ನನ್ನ ಕೂಸಿಗರ ನನ್ನ ಕೈಲೆ ಉಣ್ಣಾಕ ಬಿಡ್ರಿ."

"ನನ್ನ ಹುಳಿಯಿಂದ ನಾನ ಸುಟ್ಟೀನಿ ಅಂತ ಊರಿಗೆ ಹೇಳ್ಲೇನು? ಹೇಳಿದ್ರ ನಾಳೆ ಒಲಿ ನಿಂದು, ಕೀಲಿ ನಿಂದು, ಮಗ ನಿನ್ನಾಂವ. ನಾ ಎಲ್ಲಿ ಕೂಡ್ಲಿ?" ಎಂದಳು. ಆಮೇಲೆ ಸಾರಿಸದೆ ಉಳಿದಿದ್ದ ಮೂಲೆಯನ್ನು ಬೆರಳಿನಿಂದ ತೋರಿಸಿದಳು.

ನಾನು ಸಾರಿಸಿದೆ. ಹುಚ್ಚಿಯೊಬ್ಬಳು ನಂಬಿ ಮಾಡಿದ್ದರೆ ಕ್ಷಮಿಸಬಹುದಿತ್ತು. ಇವಳು ನಂಬದೆ ಮಾಡಿದಳು, ದಿನಾ ಎರಡು ಹೊತ್ತು ಮಾಡಿದಳು. ಇವತ್ತಿಗೂ ನಾನು ಕ್ಷಮಿಸಿಲ್ಲ.

ಅವಳು ಗಂಟಲಿನಿಂದ ಸಾಯಲಿಲ್ಲ. ಡಾಕ್ಟರರು ಅದನ್ನು ಚೆನ್ನಾಗಿಯೇ ಕಾಪಾಡಿದರು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಒಂದು ಬೇಸಿಗೆಯಲ್ಲಿ ಜ್ವರ ಬಂದು, ನಾಲ್ಕಾರು ದಿನ ಮಲಗಿ ಹೋದಳು. ಹೋಗುವ ಹಿಂದಿನ ದಿನವೂ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿಂದಿದ್ದಳು, ನಾನು ಮೊದಲ ತುತ್ತು ತಿಂದ ಮೇಲೆ. ಜ್ವರವನ್ನು ಯಾರೂ ನನ್ನ ತಲೆಗೆ ಕಟ್ಟಲಿಲ್ಲ, ಆ ವರ್ಷ ಓಣಿಯ ತುಂಬ ಜ್ವರವಿತ್ತು. ಕ್ರಿಯೆಗಳೆಲ್ಲ ಮುಗಿದ ಮೇಲೆ ದೊಡ್ಡತ್ತೆ ಇನ್ನೊಬ್ಬರ ಮನೆಯ ಕಾಯಿಲೆ ಹುಡುಕಿಕೊಂಡು ಕೆಂಭಾವಿಗೆ ಹೊರಟಳು. ಕೀಲಿಕೈ ಗೊಂಚಲನ್ನು ಗಂಡ ತಂದು ನನ್ನ ಮುಂದಿಟ್ಟ. ನನ್ನನ್ನು ಯಾರೂ ನಾರಾಯಣಪೇಟೆಗೆ ಕಳಿಸಲಿಲ್ಲ. ಗೆದ್ದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಒಲೆ ಹಚ್ಚಿದೆ. ಎಷ್ಟೋ ವರ್ಷದ ಮೇಲೆ ಹಿಟ್ಟು ನಾದಿದೆ. ಕೈ ಮರೆತಿರಲಿಲ್ಲ, ರೊಟ್ಟಿ ಬಟ್ಟೆಯಷ್ಟು ತೆಳ್ಳಗೆ ಬಂತು, ಹಂಚಿನ ಮೇಲೆ ಉಬ್ಬಿ ನಿಂತಿತು. ಮೊದಲ ರೊಟ್ಟಿಯನ್ನು ಮಗಳ ತಾಟಿಗೆ ಹಾಕಿ, ಮೇಲೆ ಬೆಣ್ಣೆ ಇಟ್ಟು, ಸಣ್ಣ ಚೂರು ಮುರಿದು ಅವಳ ಬಾಯಿಯ ಹತ್ತಿರ ಹಿಡಿದೆ.

ಅವಳು ಬಾಯಿ ತೆರೆಯಲಿಲ್ಲ. ಅಪ್ಪನ ಕಡೆ ನೋಡಿದಳು.

ಆತ ಎದುರಿಗೇ ಕೂತಿದ್ದ. ಉರ್ದುವಿನಲ್ಲಿ ಎಲ್ಲವನ್ನೂ ಸ್ವಂತ ಕಿವಿಯಿಂದ ಕೇಳಿದವನು. ಕೈ ಚಾಚಿ ಅದೇ ರೊಟ್ಟಿಯಿಂದ ಒಂದು ತುಂಡು ಮುರಿದು ನನ್ನ ಕಡೆ ಹಿಡಿದ. ದನಿ ಮೆತ್ತಗಿತ್ತು, ಉಪ್ಪು ಕೊಡು ಎನ್ನುವಷ್ಟು ಸಾದಾ ಇತ್ತು.

"ಮೊದಲ ನೀ ತಿನ್ನು" ಎಂದ.

ಆತನ ಮುಖಕ್ಕೆ ಹಂಚು ಎಸೆಯಬೇಕು ಅನಿಸಿತು. ಆದರೆ ಮಗಳು ಕಾಯುತ್ತಿದ್ದಳು, ಅವಳಿಗೆ ಹಸಿವಾಗಿತ್ತು. ತುಂಡನ್ನು ಇಸಿದುಕೊಂಡು ಬಾಯಿಗೆ ಹಾಕಿಕೊಂಡೆ. ಅಗಿದೆ. ಮಗಳ ಕಣ್ಣು ನನ್ನ ಗಂಟಲಿನ ಮೇಲೆ ನೆಟ್ಟಿತ್ತು. ಇಷ್ಟು ವರ್ಷ ಅತ್ತೆಯ ತಾಟಿನಿಂದ ಒಂದು ದಿನವೂ ತಪ್ಪದೆ ನುಂಗಿದವಳು ನಾನು. ಅವತ್ತು ನನ್ನ ಕೈಯ ರೊಟ್ಟಿ ಗಂಟಲಲ್ಲಿ ನಿಂತುಬಿಟ್ಟಿತು. ಒತ್ತಿದೆ, ಕಣ್ಣಲ್ಲಿ ನೀರು ಬಂತು, ಇಳಿಯಲಿಲ್ಲ. ಕೊನೆಗೆ ಎದ್ದು ಹೋಗಿ ಬಚ್ಚಲಲ್ಲಿ ಉಗುಳಿದೆ.

ಬಾಯಿ ತೊಳೆದುಕೊಂಡು ಒಳಗೆ ಬಂದಾಗ ಮಗಳು ತಾಟನ್ನು ದೂರ ಸರಿಸಿ, ಗೋಡೆಗೆ ಒತ್ತಿಕೊಂಡು ಕೂತಿದ್ದಳು.